ಓಮ್ನಿಯ ಗಾಜಿನ ಸುತ್ತ ತುಕ್ಕು: ಬಣ್ಣ ಬಳಿದರೂ ಮರಳಿ ಬರುವುದೇಕೆ?

ಪ್ರಶ್ನೆ: ನಮ್ಮಲ್ಲಿ 2007ರ ಮಾರುತಿ ಓಮ್ನಿ ಇದೆ. ಮನೆ ಕಡಲಿಗೆ ಹತ್ತಿರ. ಎದುರು ಗಾಜಿನ ಕೆಳಗಿನ ಎರಡೂ ಮೂಲೆಗಳಲ್ಲಿ ಬಣ್ಣ ಉಬ್ಬಿ ಕಂದು ನೀರು ಇಳಿಯುತ್ತಿತ್ತು. ಎರಡು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಕೆರೆಸಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿ, ರಬ್ಬರಿನ ಸುತ್ತ ಸಿಲಿಕೋನ್ ಹಚ್ಚಿಸಿದೆ. ಒಂದು ಮಳೆಗಾಲ ಸುಮ್ಮನಿತ್ತು. ಎರಡನೆಯದಕ್ಕೆ ಮೊದಲಿಗಿಂತ ದೊಡ್ಡದಾಗಿ ಎದ್ದಿದೆ. ಈಗ ಮಳೆ ಬಂದರೆ ಚಾಲಕನ ಕಾಲಬುಡದ ಮ್ಯಾಟೂ ಒದ್ದೆಯಾಗುತ್ತದೆ. ಕೊಡಚಾದ್ರಿಯ ಕಬ್ಬಿಣದ ಕಂಬ ಅಂಥ ಮಳೆಯಲ್ಲಿ ಎಷ್ಟೋ ಕಾಲದಿಂದ ನಿಂತಿರುವಾಗ ನಮ್ಮ ವ್ಯಾನಿನ ಗಾಜಿನ ಅಂಚಿಗೇ ಏಕೆ ಈ ಗತಿ? ಇದಕ್ಕೆ ಸರಿಯಾದ ಪರಿಹಾರ ಇದೆಯೇ, ಅಥವಾ ಗಾಡಿ ಮಾರಿಬಿಡುವುದೇ ಮೇಲೇ?
— ಒಬ್ಬ ಓದುಗರು, ಕುಂದಾಪುರ

ಉತ್ತರ: ಕರಾವಳಿಯಲ್ಲೂ ಮಲೆನಾಡಿನಲ್ಲೂ ಇನ್ನೂ ಓಡುತ್ತಿರುವ ಓಮ್ನಿಗಳು ಕಡಿಮೆಯಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಆಮೇಲೆ ಓಮ್ನಿ ಎನಿಸಿಕೊಂಡ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಅಂದರೆ ಈಗ ರಸ್ತೆಯಲ್ಲಿರುವ ಬಹುಪಾಲು ಓಮ್ನಿಗಳು ವಯಸ್ಸಾದವು. ನಿಮ್ಮ ಗಾಡಿಗೆ ಬಂದ ತೊಂದರೆ ಅವುಗಳಲ್ಲಿ ಅನೇಕಕ್ಕೆ ಬಂದಿದೆ, ಇಲ್ಲವೇ ಬರಲಿದೆ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ತುಕ್ಕು ಗಾಜಿನ ಸುತ್ತಲೇ ಹಿಡಿಯುವುದೇಕೆ? ಖರ್ಚು ಮಾಡಿ ಸರಿಪಡಿಸಿದ ಮೇಲೂ ಮರಳಿ ಬಂದದ್ದೇಕೆ? ಈಗ ಏನು ಮಾಡಬೇಕು? ಒಂದೊಂದಾಗಿ ನೋಡೋಣ. ಮೊದಲಿನದು ಸ್ಪಷ್ಟವಾದರೆ ಉಳಿದ ಎರಡಕ್ಕೆ ಅರ್ಧ ಉತ್ತರ ಸಿಕ್ಕಂತೆಯೇ.

ಗಾಜಿನ ಸುತ್ತಲೇ ಏಕೆ?

ಶಾಲೆಯಲ್ಲಿ ಮೂರು ಪ್ರನಾಳಗಳಲ್ಲಿ ಮೂರು ಮೊಳೆ ಇಟ್ಟು ಮಾಡಿದ ಪ್ರಯೋಗ ನಿಮಗೆ ನೆನಪಿರಬಹುದು. ಒಣಗಾಳಿಯಲ್ಲಿದ್ದ ಮೊಳೆಗೆ ತುಕ್ಕು ಹಿಡಿಯುವುದಿಲ್ಲ. ಕುದಿಸಿ ಗಾಳಿ ಹೊರಹಾಕಿ, ಮೇಲೆ ಎಣ್ಣೆ ಸುರಿದ ನೀರಿನಲ್ಲಿದ್ದ ಮೊಳೆಗೂ ಹಿಡಿಯುವುದಿಲ್ಲ. ನೀರು, ಗಾಳಿ ಎರಡೂ ಇದ್ದ ಪ್ರನಾಳದ ಮೊಳೆಗೆ ಮಾತ್ರ ಹಿಡಿಯುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಕೂಡಿದರೆ ತುಕ್ಕು ಎಂಬುದು ಆ ಪಾಠದ ಸಾರ. ನೀರಿನಲ್ಲಿ ಉಪ್ಪು ಬೆರೆತರೆ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಈ ಕೆಲಸ ಇನ್ನಷ್ಟು ಬೇಗ ಸಾಗುತ್ತದೆ. ಕಡಲ ಗಾಳಿ ನಿಮ್ಮ ಅಂಗಳಕ್ಕೆ ಆ ಉಪ್ಪನ್ನು ಪುಕ್ಕಟೆ ತಂದು ಸುರಿಯುತ್ತದೆ.

ಪಾಠ ಅಲ್ಲಿಗೇ ಮುಗಿಯುವುದರಿಂದ ಒಂದು ಸಂದೇಹ ಉಳಿದುಬಿಡುತ್ತದೆ. ನೀರೂ ಗಾಳಿಯೂ ಚೆನ್ನಾಗಿ ಸಿಗುವುದು ಗಾಡಿಯ ಚಾವಣಿಗೆ, ಬಾಗಿಲಿಗೆ. ಅಲ್ಲಿ ಸಣ್ಣ ಗೀರು ಬಿದ್ದರೂ ತುಕ್ಕು ನಿಧಾನವಾಗಿ ಹಬ್ಬುತ್ತದೆ. ಗಾಳಿಯೇ ಸರಿಯಾಗಿ ಹೋಗದ ರಬ್ಬರಿನ ಅಡಿಯಲ್ಲಿ ಮಾತ್ರ ತಗಡು ತಿಂದುಹೋಗಿರುತ್ತದೆ. ಇದು ಹೇಗೆ?

ಇದಕ್ಕೆ ಎರಡು ಕಾರಣಗಳು. ಮೊದಲನೆಯದು ಸರಳ. ಚಾವಣಿಯ ಮೇಲೆ ಬಿದ್ದ ನೀರು ಹರಿದುಹೋಗುತ್ತದೆ, ಉಳಿದದ್ದು ಬಿಸಿಲಿಗೆ ಆರುತ್ತದೆ. ರಬ್ಬರಿನ ಅಡಿಗೆ ಹೋದ ನೀರು ಹರಿಯುವುದೂ ಇಲ್ಲ, ಆರುವುದೂ ಇಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ಮೊದಲ ವಾರ ಒದ್ದೆಯಾದ ಸಂದು ಒಣಗುವಷ್ಟರಲ್ಲಿ ನವರಾತ್ರಿ ಬಂದಿರುತ್ತದೆ.

ಎರಡನೆಯ ಕಾರಣ ಸ್ವಲ್ಪ ಸೂಕ್ಷ್ಮ. ಒಂದೇ ಹಸಿ ಪಸೆಯ ಒಂದು ತುದಿಗೆ ಗಾಳಿ ಚೆನ್ನಾಗಿ ಸಿಕ್ಕು, ಇನ್ನೊಂದು ತುದಿಗೆ ಸಿಗದೆ ಹೋದರೆ, ಆ ಎರಡು ಜಾಗಗಳ ನಡುವೆ ಪುಟ್ಟದೊಂದು ಬ್ಯಾಟರಿ ಹುಟ್ಟಿಕೊಳ್ಳುತ್ತದೆ. ಗಾಳಿ ಸಿಗುವ ಕಡೆ ಆಮ್ಲಜನಕ ಖರ್ಚಾಗುತ್ತದೆ. ಗಾಳಿ ಸಿಗದ ಕಡೆ ಕಬ್ಬಿಣ ಕರಗುತ್ತದೆ. ಅಂದರೆ ಸವೆಯುವುದು ಮುಚ್ಚಿದ ಕಡೆಯ ತಗಡು. ಕಲ್ಲಿನ ಮೇಲೆ ಇಟ್ಟ ಕತ್ತಿಯನ್ನು ಎತ್ತಿ ನೋಡಿದರೆ ಮೇಲ್ಮೈಗಿಂತ ಅಡಿಭಾಗದಲ್ಲೇ ಗುಳಿ ಹೆಚ್ಚಿರುವುದನ್ನು ನೀವು ಕಂಡಿರಬಹುದು. ಸಂದಿನ ತುಕ್ಕು ಅಂದರೆ ಇದೇ. ಗಾಜಿನ ರಬ್ಬರು, ಬಾಗಿಲ ಬೀಡಿಂಗು, ನೆಲದ ಮ್ಯಾಟು, ಎಲ್ಲದರ ಅಡಿಯಲ್ಲೂ ನಡೆಯುವುದು ಇದು.

ಓಮ್ನಿಯ ಗಾಜು ಕೂರುವ ರೀತಿಯನ್ನೂ ತಿಳಿದಿರಬೇಕು. ಬಾಡಿಯ ತಗಡಿಗೆ ಗಾಜಿನ ಸುತ್ತ ಒಂದು ತೆಳ್ಳಗಿನ ಅಂಚು ಇರುತ್ತದೆ. ದಪ್ಪ ರಬ್ಬರಿನ ಬೀಡಿಂಗು ಒಂದು ಕಡೆ ಆ ಅಂಚನ್ನೂ ಇನ್ನೊಂದು ಕಡೆ ಗಾಜನ್ನೂ ಕಚ್ಚಿ ಹಿಡಿದಿರುತ್ತದೆ. ಹೊಸತರಲ್ಲಿ ರಬ್ಬರು ಮೆತ್ತಗಿದ್ದು ಅಂಚಿಗೆ ಒತ್ತಿಕೊಂಡಿರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಮೇಲೆ ಗಟ್ಟಿಯಾಗಿ, ಕುಗ್ಗಿ, ಮೂಲೆಗಳಲ್ಲಿ ಬಿರಿಯುತ್ತದೆ. ನೀರು ಮೇಲಿನಿಂದ ಒಳಹೊಕ್ಕು ಇಳಿದು ಕೆಳಗಿನ ಮೂಲೆಗಳಲ್ಲಿ ನಿಲ್ಲುತ್ತದೆ. ಜೊತೆಗೆ ಧೂಳು, ಎಲೆಯ ಚೂರು, ಹೂವಿನ ಕೇಸರ ಸೇರಿ ಒದ್ದೆ ಸ್ಪಂಜಿನಂತೆ ಕೂರುತ್ತವೆ. ನಿಮ್ಮ ಗಾಡಿಯ ಕೆಳಗಿನ ಎರಡು ಮೂಲೆಗಳಲ್ಲೇ ತುಕ್ಕು ಎದ್ದದ್ದು ಇದಕ್ಕಾಗಿ.

ಇನ್ನು ಕೊಡಚಾದ್ರಿಯ ಕಂಬದ ಮಾತು. ಹೋಲಿಕೆ ಚೆನ್ನಾಗಿದೆ, ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಂಬ ದಪ್ಪನೆಯ ಕಬ್ಬಿಣ. ಸುತ್ತಲೂ ಗಾಳಿ ಆಡುತ್ತದೆ. ಅದರ ಮೈಯಿಂದ ಒಂದು ಮಿಲಿಮೀಟರ್ ಸವೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ವ್ಯಾನಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿದೆ. ಅಷ್ಟು ಸವೆದರೆ ತಗಡೇ ಇರುವುದಿಲ್ಲ. ಅಲ್ಲದೆ ಹಳೆಯ ಕುಲುಮೆಯ ಕಬ್ಬಿಣಕ್ಕೂ ಈಗಿನ ತಗಡಿಗೂ ಗುಣದಲ್ಲಿ ಭೇದವಿದೆ. ದಿಲ್ಲಿಯ ಪ್ರಸಿದ್ಧ ಕಬ್ಬಿಣದ ಕಂಬದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಅದರ ಮೈಮೇಲೆ ರಕ್ಷಣೆಯ ತೆಳುಪೊರೆಯೊಂದು ಕಟ್ಟಿಕೊಂಡಿದೆ ಎಂದು ಲೋಹ ವಿಜ್ಞಾನಿಗಳು ವಿವರಿಸಿದ್ದಾರೆ. ಗಾಡಿಯ ತಗಡಿಗೆ ಅಂಥ ಪೊರೆ ತಾನಾಗಿ ಬರುವುದಿಲ್ಲ. ಅದಕ್ಕಿರುವ ಪೊರೆ ಬಣ್ಣ ಒಂದೇ.

ಸರಿಪಡಿಸಿದ ಮೇಲೂ ಮರಳಿ ಬಂದದ್ದೇಕೆ?

ಇಲ್ಲಿ ಬಹಳ ಜನರಿಗೆ ಆಗುವ ಗೊಂದಲವೊಂದನ್ನು ಬಿಡಿಸಬೇಕು. ‘ನೀರು ಒಳಗೆ ಹೋಗುವುದರಿಂದ ತುಕ್ಕು, ಆದ್ದರಿಂದ ಮೇಲಿನಿಂದ ಸಿಲಿಕೋನ್ ಹಚ್ಚಿ ಸಂದು ಮುಚ್ಚಿದರೆ ತುಕ್ಕು ನಿಲ್ಲಬೇಕು’ ಎಂದುಕೊಳ್ಳುವುದು ಸಹಜ. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಮುಚ್ಚುವ ಹೊತ್ತಿಗಾಗಲೇ ಒಳಗೆ ತೇವ, ಉಪ್ಪು, ಹಳೆಯ ತುಕ್ಕು ಮೂರೂ ಇದ್ದವು ಎಂಬುದನ್ನು ಆ ತರ್ಕ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ತುಕ್ಕು ಎಂಬುದು ರಂಧ್ರಗಳಿರುವ ಸಡಿಲ ಪದಾರ್ಥ, ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಮೇಲೆ ಮುಚ್ಚಿದಾಗ ಆ ತೇವಕ್ಕೆ ಹೊರಹೋಗುವ ದಾರಿ ತಪ್ಪಿತು. ಸಿಲಿಕೋನ್ ಹಳೆಯ ರಬ್ಬರಿಗೆ ಚೆನ್ನಾಗಿ ಅಂಟುವುದೂ ಇಲ್ಲ. ಗಾಡಿ ಅಲುಗಾಡುವಾಗ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ಸಂದು ಹೊಸ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಬಂದ ಮೇಲೆ ಹೊರಹೋಗುವುದು ಕಷ್ಟ.

ಇನ್ನೊಂದು ಸಂಗತಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ಸಿಲಿಕೋನ್ ಹಚ್ಚಿದಾಗ ವಿನೆಗರ್ ವಾಸನೆ ಬರುವುದನ್ನು ಗಮನಿಸಿದ್ದೀರಾ? ಒಣಗುವಾಗ ಅದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಚ್ಚಲಿನ ಟೈಲ್ಸಿಗೆ ಅದರಿಂದ ತೊಂದರೆಯಿಲ್ಲ. ಬಣ್ಣ ಹೋದ ಕಬ್ಬಿಣದ ಮೇಲೆ ಆಮ್ಲ ಬಿದ್ದರೆ ತುಕ್ಕಿಗೆ ಗೊಬ್ಬರ ಹಾಕಿದಂತೆ. ಸಾಲದ್ದಕ್ಕೆ ಸಿಲಿಕೋನಿನ ಜಿಡ್ಡು ಉಳಿದ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ.

ಪುಟ್ಟಿಯ ಕಥೆಯೂ ಹೀಗೆಯೇ. ಪುಟ್ಟಿ ಇರುವುದು ತಗ್ಗು ತುಂಬಿ ಮೈ ನಯ ಮಾಡುವುದಕ್ಕೆ. ಅದಕ್ಕೆ ನೀರು ತಡೆಯುವ ಶಕ್ತಿ ಇಲ್ಲ, ತೇವ ಹೀರುತ್ತದೆ. ತುಕ್ಕಿನ ಮೇಲೆ ಹಾಕಿದ ಪುಟ್ಟಿ ತುಕ್ಕನ್ನು ಹಿಡಿದುಕೊಂಡಿರುತ್ತದೆಯೇ ಹೊರತು ತಗಡನ್ನಲ್ಲ. ತುಕ್ಕಾದ ಕಬ್ಬಿಣ ತಾನಿದ್ದದ್ದಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅಡಿಯಿಂದ ಉಬ್ಬಿ, ಪುಟ್ಟಿಯನ್ನೂ ಬಣ್ಣವನ್ನೂ ಎತ್ತಿ ಬಿಸಾಡುತ್ತದೆ. ಎರಡನೆಯ ಮಳೆಗಾಲದಲ್ಲಿ ನೀವು ಕಂಡದ್ದು ಇದನ್ನೇ.

ಅಂದರೆ ಎರಡು ವರ್ಷದ ಹಿಂದೆ ಆದದ್ದು ಕಣ್ಣಿಗೆ ಕಂಡಷ್ಟರ ಕೆಲಸ. ರೋಗ ಇದ್ದದ್ದು ರಬ್ಬರಿನ ಅಡಿಯಲ್ಲಿ. ಗಾಜು ತೆಗೆಯದೆ ಅದನ್ನು ಮುಟ್ಟಲು ಸಾಧ್ಯವೇ ಇಲ್ಲ. ಈ ಉತ್ತರದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗಾಜಿನ ಸುತ್ತಲಿನ ತುಕ್ಕನ್ನು ಮುಚ್ಚಿ ವಾಸಿ ಮಾಡಲಾಗದು, ಬಿಚ್ಚಲೇಬೇಕು.

ಮೊದಲು ಪರೀಕ್ಷೆ

ಬಿಚ್ಚುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಮ್ಯಾಟು ಒದ್ದೆಯಾದ ಮಾತ್ರಕ್ಕೆ ಗಾಜಿನ ಕೆಳಮೂಲೆಯೇ ಕಾರಣವೆಂದು ಹೇಳಲಾಗದು. ಓಮ್ನಿಯ ಚಾವಣಿಯ ಅಂಚಿನಲ್ಲಿ ಮಳೆನೀರು ಹರಿಯಲು ದಂಬೆಯಂಥ ಒಂದು ಕಾಲುವೆ ಇದೆಯಲ್ಲ, ಅಲ್ಲಿ ತಗಡು ತಗಡಿಗೆ ಸೇರುವ ಬೆಸುಗೆಯ ಮೇಲಿನ ಸೀಲಂಟ್ ಬಿರಿದರೂ ನೀರು ಒಳಗಿಂದೊಳಗೆ ಇಳಿದು ಕಾಲಬುಡಕ್ಕೆ ಬರಬಹುದು.

ಹೀಗೆ ಮಾಡಿ. ಒಳಗಡೆ ಗಾಜಿನ ರಬ್ಬರಿನುದ್ದಕ್ಕೂ ಮುಖದ ಪೌಡರನ್ನು ತೆಳ್ಳಗೆ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ರಭಸ ಬೇಡ, ಸುಮ್ಮನೆ ಹರಿದರೆ ಸಾಕು. ಮೊದಲು ಕೆಳಗಿನ ಅಂಚಿಗೆ ಐದು ನಿಮಿಷ, ಆಮೇಲೆ ಬದಿಗಳಿಗೆ, ಕಡೆಗೆ ಮೇಲಿನ ಅಂಚಿಗೆ ಮತ್ತು ದಂಬೆಗೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಮುಖ್ಯ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಯೂ ಇಳಿದು ಯಾವುದು ತಪ್ಪಿತಸ್ಥ ಜಾಗ ಎಂದು ತಿಳಿಯುವುದಿಲ್ಲ. ಪೌಡರಿನ ಮೇಲೆ ಗೆರೆ ಮೂಡಿದ ಕಡೆ ನೀರು ಬಂದಿದೆ.

ಬಳಿಕ ತುಕ್ಕಿನ ಆಳ ನೋಡಿ. ಉಬ್ಬಿದ ಬಣ್ಣವನ್ನು ಸ್ಕ್ರೂಡ್ರೈವರ್‌ನ ತುದಿಯಿಂದ ಎಬ್ಬಿಸಿ, ಅಡಿಯ ತಗಡನ್ನು ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದು ಮೇಲೆ ಕಂದು ಪುಡಿ ಮಾತ್ರ ಇದ್ದರೆ ಮೊದಲ ಹಂತ. ಮೈತುಂಬ ಸಣ್ಣ ಗುಳಿಗಳಿದ್ದು ಇನ್ನೂ ಗಟ್ಟಿಯಿದ್ದರೆ ಎರಡನೆಯ ಹಂತ. ಇವೆರಡನ್ನೂ ಕೆರೆದು ಬಣ್ಣ ಹಚ್ಚಿ ಉಳಿಸಬಹುದು. ಸ್ಕ್ರೂಡ್ರೈವರ್ ಒಳಗೇ ಇಳಿದರೆ ಮೂರನೆಯ ಹಂತ. ಅಲ್ಲಿ ಹೊಸ ತಗಡು ಕತ್ತರಿಸಿ ಬೆಸುಗೆ ಹಾಕದೆ ಬೇರೆ ದಾರಿಯಿಲ್ಲ. ಎರಡೇ ವರ್ಷದಲ್ಲಿ ದೊಡ್ಡದಾಗಿ ಮರಳಿದೆ ಎನ್ನುತ್ತೀರಿ. ನಿಮ್ಮದು ಎರಡು ಮತ್ತು ಮೂರರ ನಡುವೆ ಇರುವ ಸಾಧ್ಯತೆ ಹೆಚ್ಚು.

ಕೆಲಸದ ಕ್ರಮ

ಸಮಯದ ಆಯ್ಕೆಯಿಂದ ಆರಂಭಿಸೋಣ. ಇದು ಮಳೆಗಾಲದ ಕೆಲಸವಲ್ಲ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ, ಯುಗಾದಿಯ ಒಳಗೆ ಮುಗಿಸಿ. ಬೆಳಗಿನ ಇಬ್ಬನಿ ಆರಿದ ನಂತರವೇ ಬಣ್ಣದ ಡಬ್ಬಿ ತೆರೆಯಬೇಕು. ಅಲ್ಲಿಯವರೆಗೆ ಗಾಡಿಯನ್ನು ಮಾಡಿನಡಿ ನಿಲ್ಲಿಸಿ, ಮ್ಯಾಟು ತೆಗೆದು ಒಣಗಿಸಿ, ಮೂಲೆಯಲ್ಲಿ ಸಿಲಿಕೋನ್ ಸಡಿಲವಾಗಿದ್ದರೆ ಕಿತ್ತು, ನಿಂತ ನೀರನ್ನು ಬಟ್ಟೆಯಿಂದ ಹೀರಿಸುತ್ತಿರಿ. ತುಕ್ಕಿನ ವೇಗ ಸ್ವಲ್ಪ ತಗ್ಗುತ್ತದೆ.

ಒಂದನೆಯ ಹೆಜ್ಜೆ, ಗಾಜು ತೆಗೆಯುವುದು. ಎದುರು ಗಾಜಿನಲ್ಲಿ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒಡೆದರೂ ಚೂರು ಚದುರುವುದಿಲ್ಲ, ಆದರೆ ತಿರುಚಿದರೆ ತಟ್ಟನೆ ಬಿರುಕು ಬಿಡುತ್ತದೆ. ಹಳೆಯ ರಬ್ಬರನ್ನು ಉಳಿಸಿಕೊಳ್ಳುವ ಆಸೆ ಬೇಡ. ವೈಪರ್ ತೋಳುಗಳನ್ನು ಬಿಚ್ಚಿ, ರಬ್ಬರಿನ ಹೊರತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದು ತೆಗೆದರೆ ಗಾಜು ಒತ್ತಡವಿಲ್ಲದೆ ಹೊರಬರುತ್ತದೆ. ಒಳಗಿನಿಂದ ಒಬ್ಬರು ಅಂಗೈಯಿಂದ ಮೆಲ್ಲಗೆ ತಳ್ಳಬೇಕು, ಹೊರಗೆ ಇಬ್ಬರು ಹಿಡಿಯಬೇಕು. ತೆಗೆದ ಗಾಜನ್ನು ಹಳೆಯ ಕಂಬಳಿಯ ಮೇಲೆ ಇಡಿ. ಗಾಜಿನ ಅಂಚಿನಲ್ಲಿ ಹಾಲಿನಂತೆ ಬಿಳಿ ಮಬ್ಬು ಕಂಡರೆ, ಬಹುಕಾಲ ನೀರು ನಿಂತು ಪದರ ಬಿಡುತ್ತಿದೆ ಎಂದು ಅರ್ಥ. ಮಬ್ಬು ಅಂಚು ದಾಟಿ ನೋಟಕ್ಕೆ ಅಡ್ಡ ಬರುವಂತಿದ್ದರೆ ಈಗಲೇ ಗಾಜನ್ನೂ ಬದಲಿಸುವುದು ಲೇಸು.

ಎರಡನೆಯ ಹೆಜ್ಜೆ, ತೊಳೆಯುವುದು. ಕೆರೆಯುವ ಮೊದಲೇ ಹಳೆಯ ಸಿಲಿಕೋನ್, ಮಣ್ಣು, ಜಿಡ್ಡು ಎಲ್ಲವನ್ನೂ ತೆಗೆಯಬೇಕು. ಮೊದಲು ಪ್ಲಾಸ್ಟಿಕ್ ಕೆರಕದಿಂದ ಬಿಡಿಸಿ, ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು, ಪೂರ್ತಿ ಒಣಗಿಸಿ, ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ. ಜಿಡ್ಡಿರುವಾಗಲೇ ಎಮರಿ ಹಾಕಿದರೆ ಜಿಡ್ಡು ಗೀರುಗಳೊಳಗೆ ಸೇರಿ ಮುಂದೆ ಬಣ್ಣ ಹಿಡಿಯದು.

ಮೂರನೆಯ ಹೆಜ್ಜೆ, ಕೆರೆಯುವುದು. ಇಡೀ ಕೆಲಸದ ಜೀವಾಳ ಇದೇ. ವೈರ್ ಬ್ರಷ್, ಒರಟು ಎಮರಿ, ಮೂಲೆಗಳಿಗೆ ಚೂಪು ಕೆರಕ ಬೇಕು. ತುಕ್ಕು ಕಂಡಲ್ಲಿಂದ ಎರಡು ಬೆರಳಗಲ ಆಚೆಗೂ, ಗಟ್ಟಿ ಬಣ್ಣ ಸಿಗುವವರೆಗೆ ಕೆರೆಯಿರಿ. ಡ್ರಿಲ್ಲಿಗೆ ಹಾಕಿದ ತಂತಿಚಕ್ರ ಒಮ್ಮೊಮ್ಮೆ ಮೋಸ ಮಾಡುತ್ತದೆ. ತುಕ್ಕನ್ನು ತೆಗೆಯದೆ ಉಜ್ಜಿ ಹೊಳಪು ಕೊಟ್ಟುಬಿಡುತ್ತದೆ. ಕಂದು ಛಾಯೆಯ ಹೊಳಪು ಕಂಡರೆ ಅದು ತುಕ್ಕೇ. ಬೆಳ್ಳಿಯಂತೆ ಬಿಳಿಯಾಗಿ ಹೊಳೆದರೆ ತಗಡು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಗ್ರೈಂಡರ್ ಬಳಸುವುದಾದರೆ ಡ್ಯಾಶ್‌ಬೋರ್ಡನ್ನೂ ಬಾಗಿಲ ಗಾಜುಗಳನ್ನೂ ದಪ್ಪ ಬಟ್ಟೆಯಿಂದ ಮುಚ್ಚಿ. ಕಿಡಿ ತಾಗಿದ ಗಾಜಿನ ಮೇಲೆ ಬೀಳುವ ಚುಕ್ಕೆಗಳು ಮತ್ತೆ ಹೋಗುವುದಿಲ್ಲ.

ನಾಲ್ಕನೆಯ ಹೆಜ್ಜೆ, ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್. ಇದೇನು ಮಾಡುತ್ತದೆ ಎಂದು ನಿಮ್ಮ ಮನೆಯವರನ್ನೇ ಕೇಳಬಹುದು. ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಅಲಗು ಕಪ್ಪಾಗುತ್ತದೆ, ಹಸಿ ಅಡಿಕೆ ಸುಲಿದರೂ ಅಷ್ಟೆ. ಅವುಗಳ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಬಣ್ಣ ಪಡೆಯುತ್ತಿದ್ದುದೂ ಇದೇ ಗುಣದಿಂದ. ಕನ್ವರ್ಟರುಗಳಲ್ಲಿ ಒಂದು ಬಗೆಯವುಗಳಲ್ಲಿರುವುದು ಈ ಟ್ಯಾನಿಕ್ ಆಮ್ಲ. ಸಡಿಲ ತುಕ್ಕನ್ನು ಅದು ಬಿಗಿಯಾದ ಕಪ್ಪು ಪದರವಾಗಿ ಬದಲಿಸುತ್ತದೆ. ಇನ್ನೊಂದು ಬಗೆಯಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಅದು ಕಬ್ಬಿಣದ ಫಾಸ್ಫೇಟ್ ಪದರ ಕಟ್ಟುತ್ತದೆ. ಎರಡೂ ಗುಳಿಯಲ್ಲಿ ಉಳಿದ ತೆಳು ತುಕ್ಕಿಗೆ ಮಾತ್ರ. ಚಕ್ಕೆ ಚಕ್ಕೆಯಾಗಿ ಎದ್ದ ತುಕ್ಕಿನ ಮೇಲೆ ಸುರಿದರೆ ಮೇಲ್ಮೈ ಕಪ್ಪಾಗಿ ಒಳಗಿನದು ಹಾಗೆಯೇ ಉಳಿಯುತ್ತದೆ. ಹಚ್ಚಿದ ಮೇಲೆ ತೊಳೆಯಬೇಕೇ, ಎಷ್ಟು ಹೊತ್ತು ಬಿಡಬೇಕು, ಮೇಲೆ ಯಾವ ಪ್ರೈಮರ್ ಹೊಂದುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಓದಿಯೇ ಮುಂದುವರಿಯಿರಿ. ಆಮ್ಲದ ಪಸೆ ಉಳಿದರೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯದು.

ತೂತು ಬಿದ್ದಿದ್ದರೆ ಈ ಹಂತದಲ್ಲೇ ಟಿಂಕರಿಂಗ್ ಕೆಲಸ ಆಗಬೇಕು. ಕೊಳೆತ ಭಾಗವನ್ನು ಗಟ್ಟಿ ತಗಡಿನವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅಂಚಿನ ಆಕಾರಕ್ಕೆ ಬಗ್ಗಿಸಿ ಬೆಸೆಯಬೇಕು. ಗ್ಯಾಸ್ ವೆಲ್ಡಿಂಗಿನ ಬಿಸಿ ಸುತ್ತ ಹರಡಿ ತೆಳು ತಗಡು ಸೊಟ್ಟಗಾಗುತ್ತದೆ. ಸಿಓಟು ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ, ನಡುನಡುವೆ ಆರಲು ಬಿಟ್ಟು ಬೆಸೆಯುವುದು ಉತ್ತಮ. ಬ್ಯಾಟರಿಯ ಸಂಪರ್ಕ ತೆಗೆದಿರಬೇಕು. ಅಂಚು ಸೊಟ್ಟಗಿದ್ದರೆ ಹೊಸ ರಬ್ಬರೂ ಕೂರುವುದಿಲ್ಲ, ಗಾಜೂ ಬಿರಿಯುತ್ತದೆ. ತುಕ್ಕು ಗಾಜಿನ ಇಕ್ಕೆಲದ ಕಂಬಗಳಿಗೆ ಇಳಿದಿದ್ದರೆ ಅನುಭವಿ ಟಿಂಕರರಿಗೇ ತೋರಿಸಿ. ಚಾವಣಿಯ ಭಾರ ಹೊರುವುದು ಆ ಕಂಬಗಳು.

ಐದನೆಯ ಹೆಜ್ಜೆ, ಪ್ರೈಮರ್ ಮತ್ತು ಬಣ್ಣ. ಕೆರೆದ ತಗಡನ್ನು ರಾತ್ರಿಯಿಡೀ ಬಿಡಬೇಡಿ. ಕಡಲ ಗಾಳಿಗೆ ಬೆಳಗಾಗುವಷ್ಟರಲ್ಲಿ ಹೊಸ ಕಂದು ಮೂಡಿರುತ್ತದೆ. ಅದೇ ದಿನ ಪ್ರೈಮರ್ ಬೀಳಬೇಕು. ಗ್ರಿಲ್ಲು ಗೇಟುಗಳಿಗೆ ಹಚ್ಚುವ ರೆಡ್ ಆಕ್ಸೈಡ್ ಸಾಕಲ್ಲವೇ ಎಂದು ಕೇಳಬಹುದು. ರಬ್ಬರಿನ ಅಡಿಯ ಸದಾ ತೇವದ ಜಾಗಕ್ಕೆ ಅದು ಸಾಲದು. ಎರಡು ಭಾಗ ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್ ತಗಡಿಗೆ ಗಟ್ಟಿಯಾಗಿ ಅಂಟಿ, ತೇವವನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಎರಡು ತೆಳುಪದರ ಹಾಕಿ. ಬೆಸುಗೆಯ ಸಂದುಗಳಿಗೆ ಬಾಡಿ ಸೀಲಂಟ್ ತುಂಬಿ. ಆಮೇಲೆ ಬಾಡಿಯ ಬಣ್ಣ. ಪುಟ್ಟಿ ಬೇಕಾದರೆ ಹೊರಗೆ ಕಾಣುವ ಕಡೆ ಪ್ರೈಮರಿನ ಮೇಲೆ ತೆಳ್ಳಗೆ ಇರಲಿ. ರಬ್ಬರು ಕಚ್ಚುವ ಅಂಚಿನ ಮೇಲೆ ಬೇಡವೇ ಬೇಡ. ಬಣ್ಣ ಕೈಗೆ ಅಂಟದಿದ್ದ ಮಾತ್ರಕ್ಕೆ ಒಣಗಿದಂತಲ್ಲ. ಕೆಲವು ದಿನ ಬಿಟ್ಟು ರಬ್ಬರು ಕೂರಿಸಿ, ಇಲ್ಲವಾದರೆ ಒತ್ತಡಕ್ಕೆ ಬಣ್ಣ ಕಿತ್ತುಬರುತ್ತದೆ.

ಆರನೆಯ ಹೆಜ್ಜೆ, ಹೊಸ ಬೀಡಿಂಗಿನೊಂದಿಗೆ ಗಾಜು ಕೂರಿಸುವುದು. ಇದಕ್ಕೆ ಹಳೆಯ ಹಗ್ಗದ ಉಪಾಯವೇ ಈಗಲೂ ಒಳ್ಳೆಯದು. ರಬ್ಬರನ್ನು ಗಾಜಿಗೆ ಸುತ್ತಲೂ ಹಾಕಿ, ತಗಡು ಕೂರುವ ಸೀಳಿನಲ್ಲಿ ನೈಲಾನ್ ಹುರಿಯೊಂದನ್ನು ಸುತ್ತಿ, ಎರಡು ತುದಿಗಳು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಬರುವಂತೆ ಬಿಡಿ. ರಬ್ಬರಿಗೆ ಸಾಬೂನು ನೀರು ಹಚ್ಚಿ ಗಾಜನ್ನು ಹೊರಗಿನಿಂದ ಅಂಚಿಗೆ ಇಟ್ಟು, ಒಬ್ಬರು ಅಂಗೈಯಿಂದ ಒತ್ತುತ್ತಿರುವಾಗ ಇನ್ನೊಬ್ಬರು ಒಳಗಿನಿಂದ ಹುರಿಯನ್ನು ನಿಧಾನವಾಗಿ ಎಳೆಯಬೇಕು. ಹುರಿ ಹೊರಬಂದಂತೆ ರಬ್ಬರಿನ ತುಟಿ ಅಂಚನ್ನು ದಾಟಿ ಒಳಗೆ ಕೂರುತ್ತದೆ. ಜಾರಲೆಂದು ಗ್ರೀಸು, ಸೀಮೆಎಣ್ಣೆ ಹಚ್ಚಬೇಡಿ, ರಬ್ಬರು ಉಬ್ಬಿ ಹಾಳಾಗುತ್ತದೆ. ಕೂತ ಮೇಲೆ ರಬ್ಬರಿಗೂ ತಗಡಿಗೂ ನಡುವೆ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಗಾಜಿನ ಸೀಲಂಟನ್ನು ಸ್ವಲ್ಪ ತುಂಬಿಸಬಹುದು. ಇಲ್ಲೇಕೆ ಸೀಲಂಟ್ ಸರಿ, ಮೊದಲು ಹಚ್ಚಿದ್ದು ತಪ್ಪು ಎಂದು ಕೇಳುವಿರಾದರೆ ಉತ್ತರ ಇಷ್ಟೇ: ಈಗ ಅಡಿಯಲ್ಲಿ ಇರುವುದು ಒಣಗಿದ, ಬಣ್ಣ ಹಚ್ಚಿದ ತಗಡು. ಆಗ ಇದ್ದದ್ದು ಒದ್ದೆ ತುಕ್ಕು. ಕಡೆಯಲ್ಲಿ ಮತ್ತೆ ಪೌಡರ್ ಉದುರಿಸಿ, ಅದೇ ನೀರಿನ ಪರೀಕ್ಷೆ ಮಾಡಿ.

ಗ್ಯಾರೇಜಿಗೆ ಕೊಡುವುದಾದರೆ

ಇಷ್ಟೆಲ್ಲ ಮನೆಯಲ್ಲೇ ಮಾಡಬೇಕೆಂದಿಲ್ಲ. ಆದರೆ ಏನು ಕೇಳಬೇಕೆಂಬುದು ನಿಮಗೆ ತಿಳಿದಿರಲಿ. ‘ಗಾಜು ತೆಗೆದೇ ಮಾಡುತ್ತೀರಾ? ಹೊಸ ಬೀಡಿಂಗ್ ಹಾಕುತ್ತೀರಾ? ಕೆರೆದ ಮೇಲೆ, ಪ್ರೈಮರ್ ಹಾಕುವ ಮೊದಲು ನನಗೆ ತೋರಿಸುತ್ತೀರಾ?’ ಈ ಮೂರು ಪ್ರಶ್ನೆಗಳಿಗೂ ಹೌದು ಎಂದವರಿಗೆ ಕೆಲಸ ಕೊಡಿ. ಹೋಗಲಾಗದಿದ್ದರೆ ಮೊಬೈಲಿನಲ್ಲಿ ಫೋಟೋ ಕಳಿಸಲು ಹೇಳಿ. ಗಾಜು ತೆಗೆಯದೆ ಅರ್ಧ ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದರೆ ನೀವು ಎರಡು ವರ್ಷದ ಹಿಂದೆ ಮಾಡಿಸಿದ ಕೆಲಸಕ್ಕೇ ಮತ್ತೆ ಹಣ ಕೊಡುತ್ತಿದ್ದೀರಿ ಎಂದು ತಿಳಿಯಿರಿ.

ಬೇರೆ ಗಾಡಿ ಇರುವ ಓದುಗರಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ಕ್ರಮ ರಬ್ಬರು ಗಾಜನ್ನು ಕಚ್ಚಿ ಹಿಡಿದಿರುವ ಹಳೆಯ ಬಗೆಗೆ ಮಾತ್ರ. ಈಚಿನ ಬಹುತೇಕ ಗಾಡಿಗಳಲ್ಲಿ ಗಾಜನ್ನು ಯುರಿಥೇನ್ ಅಂಟಿನಿಂದ ನೇರವಾಗಿ ಬಾಡಿಗೆ ಅಂಟಿಸಿರುತ್ತಾರೆ. ಒಳಗೂ ಹೊರಗೂ ದಪ್ಪ ರಬ್ಬರು ಕಂಡರೆ ಹಳೆಯ ಬಗೆ. ಗಾಜಿನ ಅಂಚಿಗೆ ಅಗಲವಾದ ಕಪ್ಪು ಪಟ್ಟಿ ಇದ್ದು, ಹೊರಗೆ ತೆಳ್ಳನೆಯ ಪಟ್ಟಿ ಮಾತ್ರ ಇದ್ದರೆ ಅಂಟಿಸಿದ ಬಗೆ. ಅಲ್ಲಿ ಗಾಜು ಬಾಡಿಯ ಬಲದ ಭಾಗವೇ ಆಗಿರುತ್ತದೆ. ತುಕ್ಕಿನ ಮೇಲೆ ಅಂಟು ನಿಲ್ಲದು. ಅಪಘಾತದಲ್ಲಿ ಗಾಜು ಕಳಚಿ ಬೀಳುವ ಅಪಾಯವಿದೆ. ಅದನ್ನು ಗಾಜಿನ ಕೆಲಸ ಬಲ್ಲವರಿಗೇ ಬಿಡಬೇಕು.

ಮುಂದೆ ಬಾರದಂತೆ

ಗಾಡಿಯನ್ನು ಹಲಸು, ಮಾವಿನ ಮರದಡಿ ನಿಲ್ಲಿಸುವುದಾದರೆ ವಾರಕ್ಕೊಮ್ಮೆ ವೈಪರಿನ ಬುಡದ ಎಲೆಗಳನ್ನು ತೆಗೆಯಿರಿ. ಕಡಲ ತೀರಕ್ಕೆ ಹೋಗಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಒದ್ದೆ ಗಾಡಿಗೆ ಟಾರ್ಪಾಲು ಹೊದೆಸಬೇಡಿ, ಅದೂ ಇನ್ನೊಂದು ಬಗೆಯ ಮುಚ್ಚುವಿಕೆಯೇ. ಪ್ರತಿ ವರ್ಷ ಮೇ ತಿಂಗಳಲ್ಲಿ ರಬ್ಬರಿನ ತುಟಿಯನ್ನು ಬೆರಳಿನಿಂದ ಎತ್ತಿ ಸುತ್ತಲೂ ನೋಡಿ. ಕಲ್ಲೇಟಿಗೆ ಬಣ್ಣ ಹೋದ ಚುಕ್ಕೆ ಕಂಡರೆ ಮಳೆಗೆ ಮುಂಚೆ ಟಚಪ್ ಮಾಡಿಸಿ.

ಇನ್ನು ಮಾರಬೇಕೇ ಎಂಬ ಕೊನೆಯ ಪ್ರಶ್ನೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಿಸಬೇಕು. ಆದ್ದರಿಂದ ಗಾಜಿನ ಸುತ್ತ ಮಾತ್ರ ನೋಡಿ ನಿರ್ಧರಿಸಬೇಡಿ. ಗಾಜು ತೆಗೆಸುವ ಮೊದಲು ಗಾಡಿಯನ್ನು ಎತ್ತರಕ್ಕೆ ಏರಿಸಿ, ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಚಾಸಿಯ ಉದ್ದ ಕಂಬಿಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿಸಿ ನೋಡಿ. ಅವು ಗಟ್ಟಿಯಾಗಿದ್ದರೆ ಗಾಜಿನ ಸುತ್ತಲಿನ ತುಕ್ಕಿಗೆ ಹೆದರಿ ಗಾಡಿ ಮಾರುವ ಅಗತ್ಯವಿಲ್ಲ. ಅವೇ ಕುಟ್ಟೆಯಾಗಿದ್ದರೆ ಗಾಜಿನ ಸುತ್ತ ಎಷ್ಟು ಚೆಂದ ಮಾಡಿಸಿದರೂ ಹಣ ದಂಡ. ತಟ್ಟಿ ನೋಡಿದ ಮೇಲೂ ಸಂದೇಹ ಉಳಿದರೆ ದಯವಿಟ್ಟು ಮತ್ತೆ ಬರೆಯಿರಿ.